ಹಿತ್ತಲಿನ ಹೊಸ ಗಿಡ: ಗುರುತು ಹಿಡಿಯೋಣ ಬನ್ನಿ



ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು. ಎಂಟೇ ದಿನದಲ್ಲಿ ಹಿತ್ತಲೆಲ್ಲ ಹಸಿರು. ನಾವು ಹಾಕಿದ್ದು ನಾಲ್ಕು ಅವರೆ ಬೀಜ, ಎರಡು ಕುಂಬಳದ ಬೀಜ. ಹುಟ್ಟಿದ್ದು ಮಾತ್ರ ನೂರಾರು ಗಿಡ. ಅದರಲ್ಲಿ ಕೆಲವು ನಮಗೆ ಗೊತ್ತು. ಇದು ಗರಿಕೆ. ಇದು ತುಂಬೆ. ಇದು ಉತ್ತರಣೆ. ಇದು ನೆಲನೆಲ್ಲಿ. ನೋಡಿದ ಕೂಡಲೇ ಹೆಸರು ಹೇಳುತ್ತೀರಿ. ಅದನ್ನು ನಿಮಗೆ ಯಾವ ಶಾಲೆಯೂ ಕಲಿಸಲಿಲ್ಲ. ನಿಮ್ಮ ಅಮ್ಮ, ನಿಮ್ಮ ಅತ್ತೆ ಕಲಿಸಿದರು.

ಆದರೆ ಒಂದೊಂದು ಸಲ ಹೊಸದೊಂದು ಗಿಡ ಏಳುತ್ತದೆ. ಹಿಂದೆಂದೂ ಕಂಡ ನೆನಪಿಲ್ಲ. ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಆಗ ಏನು ಮಾಡುತ್ತೇವೆ?

ಕೆಲವರು ‘ಯಾವುದೋ ಸೊಪ್ಪು ಇರಬೇಕು’ ಅಂತ ಒಂದು ಎಲೆ ಬಾಯಿಗೆ ಹಾಕಿ ನೋಡುತ್ತಾರೆ. ಕೆಲವರು ‘ಕಳೆ’ ಅಂತ ಬರಿಗೈಯಲ್ಲಿ ಕಿತ್ತು ಎಸೆಯುತ್ತಾರೆ. ಇನ್ನು ಕೆಲವರು ‘ಇರಲಿ ಬಿಡಿ, ನಮಗೇನು ತೊಂದರೆ’ ಅಂತ ಸುಮ್ಮನಾಗುತ್ತಾರೆ.

ಈ ಮೂರೂ ಸರಿಯಲ್ಲ. ಮೊದಲು ಗಿಡ ಯಾವುದು ಎಂದು ತಿಳಿಯಬೇಕು. ಆಮೇಲೆ ಅದನ್ನು ಉಳಿಸಬೇಕೋ ಕೀಳಬೇಕೋ ಎಂದು ತೀರ್ಮಾನ ಮಾಡಬೇಕು.

ಅಕ್ಷರದ ಹಾಗೆ ಗಿಡ

‘ಮರ’ ಎಂದು ಬರೆಯಿರಿ. ಅದರ ಪಕ್ಕದಲ್ಲಿ ‘ಮಠ’ ಎಂದು ಬರೆಯಿರಿ. ಎರಡನ್ನೂ ನೋಡಿ. ಎಷ್ಟು ವ್ಯತ್ಯಾಸ? ಒಳಗೆ ಒಂದು ಚುಕ್ಕೆ, ಅಷ್ಟೇ. ಆ ಚುಕ್ಕೆ ಕಾಣದೆ ಹೋದರೆ ಮಠ ಹೋಗಿ ಮರ ಆಗುತ್ತದೆ.

ಓದು ಕಲಿಯುವಾಗ ನಾವು ಇಂಥ ಸಣ್ಣ ಗುರುತನ್ನೇ ಹುಡುಕಿದೆವು. ಗಿಡದ ವಿಷಯವೂ ಹಾಗೆಯೇ. ದೂರದಿಂದ ಎರಡು ಗಿಡ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಒಂದು ಸಣ್ಣ ಗುರುತು ಬೇರೆ ಇರುತ್ತದೆ. ಆ ಗುರುತನ್ನು ಹಿಡಿಯುವುದೇ ಜಾಣತನ.

ಆರು ಗುರುತು ನೋಡಿ

ಹೊಸ ಗಿಡ ಕಂಡರೆ ಮುಟ್ಟಬೇಡಿ. ಕುಕ್ಕರುಗಾಲಲ್ಲಿ ಕುಳಿತು ಕಣ್ಣಿನಿಂದ ನೋಡಿ.

1. ನಿಲುವು. ಗಿಡ ನೆಟ್ಟಗೆ ನಿಂತಿದೆಯೇ? ನೆಲದ ಮೇಲೆ ಹಬ್ಬಿದೆಯೇ? ಬಳ್ಳಿಯೇ?

2. ಕಾಂಡ. ಗುಂಡಗಿದೆಯೇ? ಚೌಕವೇ? ಉದ್ದಕ್ಕೂ ಗೆರೆ ಇದೆಯೇ? ಸಣ್ಣ ಕೂದಲು ಇದೆಯೇ? ಮುಳ್ಳಿದೆಯೇ?

3. ಎಲೆ. ಇಡೀ ಎಲೆಯೇ? ಸೀಳು ಸೀಳಾಗಿದೆಯೇ? ಎದುರು ಬದುರು ಜೋಡಿಯಾಗಿ ಬಂದಿದೆಯೇ? ಒಂದಾದ ಮೇಲೆ ಒಂದು ಬಂದಿದೆಯೇ? ಎಲೆಯ ಹಿಂಭಾಗ ಯಾವ ಬಣ್ಣ?

4. ಹೂವು. ಬಣ್ಣ ಏನು? ಗಾತ್ರ ಎಷ್ಟು? ಒಂಟಿಯೋ ಗೊಂಚಲೋ?

5. ಕಾಯಿ ಮತ್ತು ಬೀಜ. ನುಣ್ಣಗಿದೆಯೇ? ಮುಳ್ಳಿನ ಉಂಡೆಯೇ? ಹಣ್ಣಾದರೆ ಯಾವ ಬಣ್ಣ?

6. ಜಾಗ. ಬಚ್ಚಲ ನೀರು ಹರಿಯುವ ಕಡೆಯೋ? ತಿಪ್ಪೆಯ ಪಕ್ಕವೋ? ಒಣಗಿದ ದಾರಿಯ ಬದಿಯೋ?

ವಾಸನೆಯಿಂದಲೂ ಗಿಡ ಗುರುತಿಸಬಹುದು. ಆದರೆ ಗುರುತಿಲ್ಲದ ಎಲೆಯನ್ನು ಬರಿಗೈಯಲ್ಲಿ ಹಿಸುಕಬೇಡಿ. ಕೈಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಿಸುಕಿ. ಮುರಿದಾಗ ಹಾಲು ಬಂದರೆ ಜೋಪಾನ. ಎಕ್ಕದ ಹಾಲಿನ ಹಾಗೆ ಅದು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ರುಚಿ ನೋಡುವುದು ಮಾತ್ರ ಬೇಡವೇ ಬೇಡ.

ಒಂದು ಗಿಡ ನೋಡೋಣ

ಈಗ ಒಂದು ಗಿಡವನ್ನು ಈ ಆರು ಗುರುತಿನಿಂದ ನೋಡೋಣ. ಇದು ನಮ್ಮ ಎಷ್ಟೋ ಮನೆಗಳ ಹಿಂದೆ ಇದೆ.

ಚಿಕ್ಕದಿದ್ದಾಗ ಇದು ನೆಲಕ್ಕೆ ಅಂಟಿಕೊಂಡಿರುತ್ತದೆ. ರೊಟ್ಟಿ ತಟ್ಟಿದ ಹಾಗೆ ಸುತ್ತಲೂ ಎಲೆ ಹರಡುತ್ತದೆ. ಆಮೇಲೆ ನಡುವಿನಿಂದ ಕಾಂಡ ಮೇಲೇಳುತ್ತದೆ. ಸೊಂಟದ ಎತ್ತರ, ಕೆಲವು ಕಡೆ ಎದೆಯ ಎತ್ತರಕ್ಕೂ ಬೆಳೆಯುತ್ತದೆ.

ಕಾಂಡದ ಮೇಲೆ ಉದ್ದುದ್ದ ಗೆರೆಗಳಿವೆ. ಸಣ್ಣ ಸಣ್ಣ ಕೂದಲು ಇವೆ. ಮುಳ್ಳಿಲ್ಲ.

ಎಲೆ ತೆಳು ಹಸಿರು. ಸೀಳು ಸೀಳಾಗಿದೆ. ಗಜ್ಜರಿ ಎಲೆಯ ಹಾಗೆ, ಸೇವಂತಿಗೆ ಎಲೆಯ ಹಾಗೆ ಕಾಣುತ್ತದೆ. ಗಜ್ಜರಿ ಅಂದರೆ ಕ್ಯಾರೆಟ್.

ಹೂವು ಬಿಳಿ. ಬಹಳ ಚಿಕ್ಕದು. ಒಂದು ಸಾಬಕ್ಕಿ ಕಾಳಿನಷ್ಟು. ಹತ್ತಿರದಿಂದ ನೋಡಿದರೆ ಅದಕ್ಕೆ ಐದು ಮೂಲೆಗಳಿವೆ. ಗಿಡದ ತುದಿಯಲ್ಲಿ ಇಂಥ ನೂರಾರು ಹೂವು ಕವಲು ಕವಲಾಗಿ ನಿಂತಿರುತ್ತವೆ. ದೂರದಿಂದ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಕಾಣುತ್ತದೆ.

ಜಾಗ ಯಾವುದು? ಖಾಲಿ ನಿವೇಶನ, ರಸ್ತೆಯ ಬದಿ, ತಿಪ್ಪೆಯ ಸುತ್ತ, ಹೊಲದ ಬದು, ಮನೆಯ ಹಿತ್ತಲು. ಎಲ್ಲಿ ನೆಲ ಖಾಲಿ ಇದೆಯೋ ಅಲ್ಲಿ.

ಈಗ ಗುರುತು ಸಿಕ್ಕಿತೇ? ಇದೇ ಪಾರ್ಥೇನಿಯಂ. ನಮ್ಮ ಜನ ಇದನ್ನು ಕಾಂಗ್ರೆಸ್ ಗಿಡ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾಂಗ್ರೆಸ್ ಕಸ ಅನ್ನುತ್ತಾರೆ. ಬಿಳಿ ಹೂವು ಬಿಳಿ ಟೋಪಿಯ ಹಾಗೆ ಕಾಣುವುದರಿಂದ ಈ ಹೆಸರು ಬಂತು ಅಂತ ಹೇಳುವವರಿದ್ದಾರೆ.

ಇದರ ಹಾಗೇ ಕಾಣುವ ಗಿಡಗಳು

ಇಲ್ಲಿ ಮೋಸ ಹೋಗುವುದು ಸುಲಭ. ಹೂವು ಬಿಡುವ ಮೊದಲು ಈ ಗಿಡ ಬೇರೆ ಮೂರು ಒಳ್ಳೆಯ ಗಿಡಗಳ ಹಾಗೆ ಕಾಣುತ್ತದೆ.

ಸೇವಂತಿಗೆ: ಇದರ ಎಲೆ ದಪ್ಪ. ಸೀಳು ಕಡಿಮೆ. ಹಿಸುಕಿದರೆ ಸೇವಂತಿಗೆಯ ಘಮ ಬರುತ್ತದೆ. ಪಾರ್ಥೇನಿಯಂ ಎಲೆ ತೆಳ್ಳಗೆ, ಸೀಳು ಜಾಸ್ತಿ. ಅಂಥ ಘಮ ಇಲ್ಲ.

ಮಾಚಿಪತ್ರೆ: ಪೂಜೆಗೆ, ಹೂವಿನ ದಂಡೆಗೆ ಬಳಸುತ್ತೇವಲ್ಲ, ಅದೇ. ಇದರ ಎಲೆಯನ್ನು ತಿರುಗಿಸಿ ನೋಡಿ. ಹಿಂಭಾಗ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿರುತ್ತದೆ. ವಾಸನೆ ಬಹಳ ಜೋರು.

ಚೆಂಡು ಹೂವಿನ ಸಸಿ: ಇದರ ಎಲೆ ಒಂದೇ ಕಡ್ಡಿಗೆ ಎರಡೂ ಕಡೆ ಪುಟ್ಟ ಪುಟ್ಟ ಎಲೆಗಳನ್ನು ಸಾಲಾಗಿ ಜೋಡಿಸಿದ ಹಾಗಿರುತ್ತದೆ. ಅವುಗಳ ಅಂಚು ಗರಗಸದ ಹಾಗೆ. ಹಿಸುಕಿದರೆ ಚೆಂಡು ಹೂವಿನ ಗಾಟು ವಾಸನೆ.

ಇದಲ್ಲದೆ ಇನ್ನೊಂದು ಗುರುತು ಮರೆಯಬೇಡಿ. ನೆಲಕ್ಕೆ ರೊಟ್ಟಿಯ ಹಾಗೆ ಅಂಟಿದ ಎಳೆಯ ಗಿಡ, ಸೀಳು ಎಲೆ, ಘಮ ಇಲ್ಲ. ಮೂರೂ ಸೇರಿದರೆ ಅದು ಪಾರ್ಥೇನಿಯಂ ಎಂದು ಅನುಮಾನ ಪಡಿ.

ಎಲ್ಲಿಂದ ಬಂತು?

ಇದು ನಮ್ಮ ನೆಲದ ಗಿಡವಲ್ಲ. ಇದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶ. ಮೆಕ್ಸಿಕೊ ದೇಶದ ಕಡೆಯದು. ಹೊರದೇಶದಿಂದ ಬಂದ ಗೋಧಿಯ ಜೊತೆ ಇದರ ಬೀಜವೂ ಬಂತು ಅಂತ ಬಹಳ ಜನ ಹೇಳುತ್ತಾರೆ. 1955ರಲ್ಲಿ ಮಹಾರಾಷ್ಟ್ರದ ಪುಣೆಯಲ್ಲಿ ಇದು ಸಸ್ಯಶಾಸ್ತ್ರ ಬಲ್ಲವರ ಕಣ್ಣಿಗೆ ಬಿತ್ತು. ಆಮೇಲೆ ಕೆಲವೇ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಹರಡಿತು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕರ ಕಳೆ ಎಂದು ಘೋಷಿಸಿತು.

ಇಷ್ಟು ಬೇಗ ಹೇಗೆ ಹರಡಿತು? ಲೆಕ್ಕ ಮಾಡಿ ನೋಡಿ. ಚೆನ್ನಾಗಿ ಬೆಳೆದ ಒಂದು ಗಿಡ 15 ಸಾವಿರದಿಂದ 25 ಸಾವಿರ ಬೀಜ ಕೊಡುತ್ತದೆ. ನಿಮ್ಮ ಹಿತ್ತಲಲ್ಲಿ 10 ಗಿಡ ಇವೆ ಅನ್ನೋಣ. ಒಂದೊಂದು 15 ಸಾವಿರ ಬೀಜ ಕೊಟ್ಟರೂ ಎಷ್ಟಾಯಿತು? ಒಂದೂವರೆ ಲಕ್ಷ ಬೀಜ! ಬೀಜ ಬಹಳ ಹಗುರ. ಗಾಳಿಗೆ ಹಾರುತ್ತದೆ. ಮಳೆ ನೀರಲ್ಲಿ ತೇಲುತ್ತದೆ. ದನದ ಕಾಲಿಗೆ, ಗಾಡಿಯ ಚಕ್ರಕ್ಕೆ ಅಂಟುತ್ತದೆ. ಗೊಬ್ಬರದ ಜೊತೆ, ಮನೆ ಕಟ್ಟಲು ತಂದ ಮಣ್ಣಿನ ಜೊತೆ ಬರುತ್ತದೆ. ಮಣ್ಣಿನೊಳಗೆ ಸೇರಿದ ಬೀಜ ಕೆಲವು ವರ್ಷ ಸಾಯದೆ ಕಾಯುತ್ತದೆ.

ಮೊಳಕೆ ಬಂದ ಒಂದು ಒಂದೂವರೆ ತಿಂಗಳಲ್ಲೇ ಹೂವು ಬಿಡುತ್ತದೆ. ಅಂದರೆ ನಮಗಿರುವ ಸಮಯ ಅಷ್ಟೇ.

ಇದರಿಂದ ಏನು ತೊಂದರೆ?

ಇದು ಬೆಳೆದ ಕಡೆ ಬೇರೆ ಗಿಡ ಏಳುವುದಿಲ್ಲ. ಹುಲ್ಲು ಕಡಿಮೆಯಾಗುತ್ತದೆ. ದನಕ್ಕೆ ಮೇವಿಲ್ಲ. ಹಸಿದ ದನ ಇದನ್ನೇ ತಿಂದರೆ ಹಾಲು ಕಹಿಯಾಗುತ್ತದೆ. ಜಾಸ್ತಿ ತಿಂದರೆ ದನಕ್ಕೂ ಕಾಯಿಲೆ.

ಮನುಷ್ಯರಿಗೆ ಇದರಿಂದ ಎರಡು ಬಗೆಯ ತೊಂದರೆ.

ಒಂದು, ಚರ್ಮದ ತುರಿಕೆ. ಈ ಗಿಡದಲ್ಲಿ ಪಾರ್ಥೆನಿನ್ ಎಂಬ ವಿಷದ ಅಂಶ ಇದೆ. ಇದು ಕೆಲವರ ಮೈಗೆ ಒಗ್ಗುವುದಿಲ್ಲ. ಕಣ್ಣಿನ ರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆ, ಇಂಥ ಕಡೆ ಮೊದಲು ಕೆಂಪಾಗುತ್ತದೆ. ತುರಿಸುತ್ತದೆ. ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ.

ಎರಡು, ಉಸಿರಿನ ತೊಂದರೆ. ಹೂವಿನ ಪುಡಿ ಗಾಳಿಯಲ್ಲಿ ಸೇರಿ ಮೂಗಿಗೆ ಬರುತ್ತದೆ. ಕೆಲವರಿಗೆ ಸೀನು, ಮೂಗು ಸೋರುವುದು, ಕಣ್ಣಲ್ಲಿ ನೀರು. ಇನ್ನು ಕೆಲವರಿಗೆ ಉಬ್ಬಸ.

‘ನಾನು ಹತ್ತು ಸಲ ಕಿತ್ತಿದ್ದೇನೆ, ನನಗೆ ಏನೂ ಆಗಿಲ್ಲ’ ಅನ್ನುವವರಿದ್ದಾರೆ. ಈ ಮಾತನ್ನು ನಂಬಿ ಕೂರಬೇಡಿ. ಮೊದಲ ಸಲ ಏನೂ ಆಗದೆ ಇರಬಹುದು. ಮತ್ತೆ ಮತ್ತೆ ಮುಟ್ಟಿದ ಮೇಲೆ ಒಂದು ದಿನ ಮೈ ತಡೆಯುವುದಿಲ್ಲ. ಒಮ್ಮೆ ಒಗ್ಗದೆ ಹೋದರೆ ಆಮೇಲೆ ಗಿಡದ ಹತ್ತಿರ ಹೋದರೂ ತುರಿಕೆ ಬರುತ್ತದೆ. ಕೂಲಿಗೆ ಕಳೆ ಕೀಳಲು ಹೋಗುವ ನಮ್ಮ ಅಕ್ಕತಂಗಿಯರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಕೈಗೆ ಹಾಕಲು ಚೀಲ ಕೊಡಿ ಎಂದು ಹೊಲದ ಯಜಮಾನರನ್ನು ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು. ಮುಖ, ಕೈ ಕಪ್ಪಾದ ಹೆಂಗಸನ್ನು ಕಂಡರೆ ಜನ ದೂರ ಸರಿಯುತ್ತಾರೆ. ‘ಯಾವುದೋ ಕೆಟ್ಟ ರೋಗ’, ‘ಶಾಪ’ ಅನ್ನುತ್ತಾರೆ. ಪಾರ್ಥೇನಿಯಂ ತುರಿಕೆ ಅಂಟುರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅವರ ಜೊತೆ ಊಟ ಮಾಡಬಹುದು. ಅವರು ಎತ್ತಿಕೊಂಡ ಮಗುವನ್ನು ನಾವೂ ಎತ್ತಿಕೊಳ್ಳಬಹುದು. ಅವರಿಗೆ ಬೇಕಾದದ್ದು ವೈದ್ಯರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ‘ಕಾಂಗ್ರೆಸ್ ಗಿಡ ಮುಟ್ಟುವ ಕೆಲಸ ಮಾಡುತ್ತಾರೆ’ ಎಂದು ವೈದ್ಯರಿಗೆ ಮರೆಯದೆ ಹೇಳಿ.

ಹೇಗೆ ತೆಗೆಯಬೇಕು?

ಹೂವು ಬಿಡುವ ಮೊದಲೇ ಕೀಳಬೇಕು. ಇದೇ ಮುಖ್ಯ.

ಮಳೆ ಬಂದು ನೆಲ ಹಸಿಯಾಗಿದ್ದಾಗ ಕೀಳಿ. ಆಗ ಬೇರು ಸಮೇತ ಬರುತ್ತದೆ. ಕುಡುಗೋಲಿನಿಂದ ಮೇಲೆ ಮೇಲೆ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ.

ಕೈಗೆ ಕೈಗವಸು ಇಲ್ಲವೇ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈಕಾಲು ಮುಖ ತೊಳೆಯಿರಿ. ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಈಗಾಗಲೇ ತುರಿಕೆ, ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಮಕ್ಕಳನ್ನೂ ಹಚ್ಚಬೇಡಿ.

ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಚೆನ್ನಾಗಿ ಕೊಳೆತು ಗೊಬ್ಬರವಾಗುತ್ತದೆ. ಹೂವು ಬಿಟ್ಟ ಗಿಡವನ್ನು ತಿಪ್ಪೆಗೆ ಹಾಕಬೇಡಿ. ಹಾಕಿದರೆ ಗೊಬ್ಬರದ ಜೊತೆ ಬೀಜವನ್ನೂ ನಾವೇ ಹೊಲಕ್ಕೆ ಹೊತ್ತ ಹಾಗೆ. ಅದನ್ನು ಜಾಡಿಸದೆ ಚೀಲದಲ್ಲಿ ತುಂಬಿ, ಆಳದ ಗುಂಡಿಗೆ ಸುರಿದು, ಮೇಲೆ ಮಣ್ಣು ಮುಚ್ಚಿ.

ಅಂಗಳದ ಕಲ್ಲುಸಂದಿ, ಗೋಡೆಯ ಬುಡ, ಇಂಥ ಕಡೆ ಉಪ್ಪು ನೀರು ಚಿಮುಕಿಸಬಹುದು. 1 ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು. ಬಿಸಿಲಿರುವ ದಿನ ಎಲೆಯೆಲ್ಲ ನೆನೆಯುವ ಹಾಗೆ ಹಾಕಿ. ಆದರೆ ತರಕಾರಿ ಮಡಿಗೆ, ಹೂವಿನ ಗಿಡದ ಬುಡಕ್ಕೆ ಹಾಕಬೇಡಿ. ಉಪ್ಪಿಗೆ ಒಳ್ಳೆಯ ಗಿಡ ಕೆಟ್ಟ ಗಿಡ ಎಂಬ ಭೇದ ಗೊತ್ತಿಲ್ಲ. ಮಣ್ಣೂ ಕೆಡುತ್ತದೆ.

ಕಿತ್ತ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅದೇ ಮತ್ತೆ ಬರುತ್ತದೆ. ಸೊಪ್ಪು ಹಾಕಿ, ಅವರೆ ಹಾಕಿ, ಚೆಂಡು ಹೂವು ಹಾಕಿ. ಊರ ಹೊರಗಿನ ಬಂಜರಿನಲ್ಲಿ ಚಗಚೆ ಬೀಜ ಎರಚಬಹುದು. ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಏಳದ ಹಾಗೆ ಮಾಡುತ್ತದೆ.

ಒಂದು ಪುಟ್ಟ ಹುಳುವೂ ನಮ್ಮ ಕೂಲಿಯಾಳು. ಮೈ ಕೆನೆ ಬಣ್ಣ. ಬೆನ್ನ ಮೇಲೆ ಕಂದು ಗೆರೆಗಳು. ಇದು ಪಾರ್ಥೇನಿಯಂ ಎಲೆಯನ್ನು ಮೇಯುತ್ತದೆ. ಮೆಕ್ಸಿಕೊ ದೇಶದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಇದನ್ನು ಬಿಟ್ಟರು. ಮಳೆಗಾಲದಲ್ಲಿ ಈ ಗಿಡದ ಮೇಲೆ ಅಂಥ ಹುಳು ಕಂಡರೆ ಕೊಲ್ಲಬೇಡಿ.

ಎಲ್ಲವೂ ಕಳೆಯಲ್ಲ

ಪಾರ್ಥೇನಿಯಂ ಕೆಟ್ಟದ್ದು ಅಂತ ಹಿತ್ತಲನ್ನೆಲ್ಲ ಬೋಳು ಮಾಡಬೇಡಿ. ತಾನಾಗಿ ಹುಟ್ಟಿದ ಗಿಡದಲ್ಲಿ ನಮ್ಮ ಊಟವೂ ಇದೆ.

ಬಚ್ಚಲ ನೀರಿನ ಹತ್ತಿರ ಒಂದೊಂದು ತೊಟ್ಟಿಗೆ ಒಂದೊಂದೇ ದುಂಡು ಎಲೆ ಇದ್ದರೆ ಅದು ಒಂದೆಲಗ. ತಂಬುಳಿಗೆ ಒಳ್ಳೆಯದು. ಹಸಿ ನೆಲದಲ್ಲಿ ಹಬ್ಬಿ, ಎಲೆಯ ಬುಡದಲ್ಲಿ ಬಿಳಿ ಮೊಗ್ಗಿನ ಗುಂಪು ಇದ್ದರೆ ಅದು ಹೊನಗೊನ್ನೆ. ಪಲ್ಯಕ್ಕೆ ಆಗುತ್ತದೆ. ಗಣಿಕೆ ಸೊಪ್ಪಿನ ಹಣ್ಣು ಪುಟ್ಟ ಗೊಂಚಲಾಗಿ, ಮಾಗಿದಾಗ ಕಪ್ಪಗೆ, ನುಣ್ಣಗೆ ಇರುತ್ತದೆ. ಅದರ ಹಸಿರು ಕಾಯಿಯನ್ನು ಮಾತ್ರ ತಿನ್ನಬಾರದು.

ಆದರೆ ಅದೇ ತಿಪ್ಪೆಯ ಪಕ್ಕದಲ್ಲಿ ಉಮ್ಮತ್ತಿಯೂ ಇರುತ್ತದೆ. ಹೂವು ಉದ್ದವಾಗಿ, ಊದುವ ಕಹಳೆಯ ಹಾಗೆ. ಕಾಯಿ ಮುಳ್ಳಿನ ಉಂಡೆ. ಒಳಗಿನ ಬೀಜ ವಿಷ. ಮಕ್ಕಳು ಆಟದಲ್ಲಿ ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಏನೇನೋ ಬಡಬಡಿಸುತ್ತಾರೆ. ಆಗ ದೃಷ್ಟಿ ತೆಗೆಯುತ್ತಾ, ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಮಗು ತಿಂದ ಗಿಡದ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅದನ್ನು ನೋಡಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಗುರುತು ಪಕ್ಕಾ ಆಗದ ಗಿಡ ಸಾರಿಗೂ ಬೇಡ, ಮದ್ದಿಗೂ ಬೇಡ.

ಯಾರನ್ನು ಕೇಳಬೇಕು?

ಮೊದಲು ಊರಿನ ಹಿರಿಯ ಅಜ್ಜಿಯರನ್ನು ಕೇಳಿ. ಅವರಿಗೂ ಗೊತ್ತಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅಲ್ಲಿ ಕೃಷಿ ಅಧಿಕಾರಿಗಳು ಇರುತ್ತಾರೆ. ಹೋಗುವಾಗ ಹೂವು, ಎಲೆ, ಕಾಯಿ ಎಲ್ಲ ಇರುವ ಒಂದು ರೆಂಬೆ ಒಯ್ಯಿರಿ. ಬರೀ ಒಂದು ಎಲೆ ತೋರಿಸಿದರೆ ಯಾರಿಗೂ ಹೇಳಲು ಆಗುವುದಿಲ್ಲ. ಮನೆಯಲ್ಲಿ ಮಕ್ಕಳ ಹತ್ತಿರ ಫೋನ್ ಇದ್ದರೆ ಫೋಟೊ ತೆಗೆಸಿ. ಫೋನು ಹೆಸರನ್ನೂ ಹೇಳುತ್ತದೆ. ಆದರೆ ಅದು ತಪ್ಪಾಗುವುದೂ ಉಂಟು. ಆ ಹೆಸರನ್ನು ನಂಬಿ ಸೊಪ್ಪು ಬೇಯಿಸಬೇಡಿ.

ಬರೆದಿಡಿ

ನಿಮ್ಮ ಅಮ್ಮನಿಗೆ ಎಷ್ಟೋ ಗಿಡ ಗೊತ್ತಿತ್ತು. ಆದರೆ ಅವರು ಬರೆದಿಡಲಿಲ್ಲ. ಅದರಲ್ಲಿ ಎಷ್ಟು ನಿಮಗೆ ಉಳಿಯಿತು? ನಿಮ್ಮ ಮಗಳಿಗೆ ಎಷ್ಟು ಉಳಿಯುತ್ತದೆ? ಈಗ ನಿಮಗೆ ಬರೆಯಲು ಬರುತ್ತದೆ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಒಂದು ಗಿಡಕ್ಕೆ ಒಂದು ಹಾಳೆ. ಹೀಗೆ ಬರೆಯಿರಿ:

ಗಿಡದ ಹೆಸರು:
ಕಂಡ ಜಾಗ:
ಕಂಡ ತಿಂಗಳು:
ಎಲೆ ಹೇಗಿದೆ:
ಹೂವು ಹೇಗಿದೆ:
ಉಪಯೋಗವೋ ಅಪಾಯವೋ:
ಯಾರು ಹೇಳಿದರು:

ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಉಳಿದದ್ದು ಬರೆಯಿರಿ. ಹೆಸರು ಸಿಕ್ಕ ದಿನ ತುಂಬಿಸಿ.

ಹೇಳಿ ನೋಡೋಣ

1. ಮಾಚಿಪತ್ರೆಗೂ ಪಾರ್ಥೇನಿಯಂಗೂ ಇರುವ ಎರಡು ವ್ಯತ್ಯಾಸ ಯಾವುವು?
2. ಪಾರ್ಥೇನಿಯಂ ಗಿಡವನ್ನು ಯಾವಾಗ ಕೀಳಬೇಕು? ಯಾಕೆ?
3. ಹೂವು ಬಿಟ್ಟ ಗಿಡವನ್ನು ತಿಪ್ಪೆಗೆ ಯಾಕೆ ಹಾಕಬಾರದು?
4. ಒಂದು ಗಿಡ 20 ಸಾವಿರ ಬೀಜ ಕೊಟ್ಟರೆ 5 ಗಿಡ ಎಷ್ಟು ಬೀಜ ಕೊಡುತ್ತವೆ?
5. ತುರಿಕೆ ಬಂದ ನೆರೆಮನೆಯ ಅಕ್ಕನಿಗೆ ನೀವು ಏನು ಹೇಳುತ್ತೀರಿ?

ಮಾಡಿ ನೋಡಿ

ನಾಳೆ ಬೆಳಿಗ್ಗೆ ನಿಮ್ಮ ಹಿತ್ತಲಲ್ಲಿ ಒಂದು ಸುತ್ತು ಹಾಕಿ. ನೀವು ಬಿತ್ತದೆ ಹುಟ್ಟಿದ ಐದು ಗಿಡಗಳನ್ನು ನೋಡಿ ಬರೆಯಿರಿ. ಮುಂದಿನ ಪಾಠಕ್ಕೆ ಬರುವಾಗ ಆ ಹಾಳೆಯನ್ನು ತನ್ನಿ. ಎಲ್ಲರೂ ಸೇರಿ ಓದೋಣ. ನಿಮಗೆ ಗೊತ್ತಿಲ್ಲದ ಗಿಡದ ಹೆಸರು ಪಕ್ಕದಲ್ಲಿ ಕುಳಿತ ಅಕ್ಕನಿಗೆ ಗೊತ್ತಿರಬಹುದು.